ಸೋರುವ ಕಣ್ಣು, ಮಡಚಿದ ರೆಪ್ಪೆ

ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುತ್ತದೆ. ಸ್ವಲ್ಪ ಹೊತ್ತಿಗೆ ಮೂಗೂ ಸೋರುತ್ತದೆ. ಜೋರಾಗಿ ಅತ್ತಾಗಲೂ ಹಾಗೇ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇವೆ, ಅದೇ ಸೆರಗಿನಿಂದ ಮೂಗನ್ನೂ ಒರೆಸಿಕೊಳ್ಳುತ್ತೇವೆ. ಅಳುವುದು ಕಣ್ಣು. ಮೂಗಿಗೇನು ಕೆಲಸ?

ಕಣ್ಣಿಗೂ ಮೂಗಿಗೂ ಒಳಗೇ ಒಂದು ದಾರಿ ಇದೆ. ಕನ್ನಡಿ ಮುಂದೆ ಕುಳಿತು ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ನೋಡಿ. ಮೂಗಿನ ಕಡೆಯ ಮೂಲೆಯ ಹತ್ತಿರ, ರೆಪ್ಪೆಯ ಅಂಚಿನಲ್ಲಿ, ಸೂಜಿಯ ಮೊನೆ ತಾಕಿದಷ್ಟು ಚಿಕ್ಕ ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದು ಇದೆ. ಕಣ್ಣೀರು ಹುಟ್ಟುವುದು ಕಣ್ಣಿನ ಮೇಲ್ಭಾಗದಲ್ಲಿ, ಕಿವಿಯ ಕಡೆಗಿರುವ ಗ್ರಂಥಿಯಲ್ಲಿ. ನಾವು ಅಳದೇ ಇದ್ದರೂ ಅಲ್ಲಿ ನೀರು ಸ್ವಲ್ಪ ಸ್ವಲ್ಪವೇ ಒಸರುತ್ತಿರುತ್ತದೆ. ರೆಪ್ಪೆ ಮಿಟುಕಿಸಿದಾಗಲೆಲ್ಲ ಆ ನೀರು ಕಣ್ಣನ್ನು ತೊಳೆಯುತ್ತದೆ. ಆಮೇಲೆ ಆ ಚಿಕ್ಕ ತೂತುಗಳಿಂದ ಒಳಗೆ ಇಳಿದು, ಮೂಗಿನ ಪಕ್ಕದ ಒಂದು ಪುಟ್ಟ ಚೀಲಕ್ಕೆ ಬಂದು, ಅಲ್ಲಿಂದ ನಾಳದಲ್ಲಿ ಮೂಗಿಗೆ ಹರಿದುಹೋಗುತ್ತದೆ. ಕಣ್ಣಿಗೆ ಔಷಧಿ ಬಿಟ್ಟಾಗ ಗಂಟಲು ಕಹಿಯಾಗುವುದೂ ಇದೇ ದಾರಿಯಿಂದ.

ಗದ್ದೆಯ ತೂಬು ಕಟ್ಟಿಕೊಂಡರೆ ಏನಾಗುತ್ತದೆ? ನೀರು ನಿಲ್ಲುತ್ತದೆ. ನಿಂತ ನೀರು ಬದುವಿನ ಮೇಲೆ ಹರಿಯುತ್ತದೆ. ಹರಿಯದೆ ಉಳಿದದ್ದು ಕೊಳೆಯುತ್ತದೆ. ಕಣ್ಣಿನ ದಾರಿ ಕಟ್ಟಿಕೊಂಡರೂ ಇಷ್ಟೇ. ನೀರು ಕೆನ್ನೆಯ ಮೇಲೆ ಸೋರುತ್ತದೆ. ಚೀಲದಲ್ಲಿ ನಿಂತದ್ದು ಕೀವಾಗುತ್ತದೆ. ಬೆಳಗ್ಗೆ ಎದ್ದಾಗ ರೆಪ್ಪೆ ಗೀಜಿನಿಂದ ಅಂಟಿಕೊಂಡಿರುತ್ತದೆ. ಮೂಗಿನ ಪಕ್ಕದ ಮೂಲೆಯನ್ನು ಒತ್ತಿದರೆ ಕಣ್ಣೊಳಗೆ ಕೀವು ಬರುತ್ತದೆ. ಕೆಲವರಿಗೆ ಆ ಜಾಗ ಕೆಂಪಾಗಿ ಊದಿಕೊಂಡು, ಜ್ವರವೂ ಬರುತ್ತದೆ. ಆಗ ಅಲ್ಲಿ ಹಿಸುಕಬಾರದು, ಸೂಜಿಯಿಂದ ಚುಚ್ಚಲೂಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಅದರಲ್ಲೂ ನಲವತ್ತು ದಾಟಿದವರಿಗೆ. ಹೆಂಗಸರಲ್ಲಿ ಆ ನಾಳ ಕಿರಿದಾಗಿರುವುದು ಒಂದು ಕಾರಣ ಎಂದು ಡಾಕ್ಟರುಗಳು ಹೇಳುತ್ತಾರೆ. ಆದರೆ ನಮ್ಮ ಕಡೆ ಹೆಂಗಸರ ಕಣ್ಣು ಸೋರಿದರೆ ಯಾರು ಗಮನಿಸುತ್ತಾರೆ? ಒಲೆಯ ಹೊಗೆ ಅನ್ನುತ್ತಾರೆ. ಕಣದಲ್ಲಿ ರಾಗಿ ಒಕ್ಕಿದ ಧೂಳು ಅನ್ನುತ್ತಾರೆ. ಜೋಳದ ಸುಂಕು ಬಿದ್ದಿರಬೇಕು ಅನ್ನುತ್ತಾರೆ. ವಯಸ್ಸಾಯ್ತಲ್ಲ ಅನ್ನುತ್ತಾರೆ. ಹೊಗೆಯಿಂದಲೂ ಧೂಳಿನಿಂದಲೂ ಕಣ್ಣು ಸೋರುವುದು ನಿಜ. ಆದರೆ ಅದು ಒಂದೆರಡು ದಿನಕ್ಕೆ ನಿಲ್ಲುತ್ತದೆ. ವರ್ಷವಿಡೀ ಒಂದೇ ಕಣ್ಣು ಸೋರುತ್ತಿದ್ದರೆ ಅದಕ್ಕೆ ಒಲೆ ಕಾರಣವಲ್ಲ.

ಬಂಡಳ್ಳಿಯಂಥ ಊರಿನ ಒಬ್ಬ ಅಕ್ಕನನ್ನು ನೆನೆದುಕೊಳ್ಳೋಣ. ಹೆಸರು ಬೇಡ. ನಿಮ್ಮ ಬೀದಿಯಲ್ಲೇ ಅಂಥವಳು ಇದ್ದಾಳು. ಅವಳಿಗೆ ಪೊರೆ ಬಂದಿದೆ. ಕಣ್ಣಿನ ಕ್ಯಾಂಪಿಗೆ ಹೋಗುತ್ತಾಳೆ. ಅಲ್ಲಿ ಕಣ್ಣಿನ ಮೂಲೆಯ ತೂತಿಗೆ ಸಣ್ಣ ಪಿಚಕಾರಿಯಿಂದ ನೀರು ಬಿಟ್ಟು ನೋಡುತ್ತಾರೆ. ದಾರಿ ತೆರೆದಿದ್ದರೆ ಆ ನೀರು ಗಂಟಲಿಗೆ ಇಳಿಯುತ್ತದೆ. ಅವಳಿಗೆ ಇಳಿಯಲಿಲ್ಲ. ನೀರಿನ ಜೊತೆ ಕೀವೂ ವಾಪಸ್ಸು ಬಂತು.

“ಈಗ ಪೊರೆ ತೆಗೆಯೋಕಾಗಲ್ಲಮ್ಮ, ವಾಪಸ್ ಹೋಗಿ” ಅಂದರು.

ಅವಳು ಬೇಜಾರು ಮಾಡಿಕೊಂಡು ಬಂದಳು. “ಎಲ್ಲಾರ್ಗೂ ಮಾಡ್ತಾರೆ ಕನವ್ವ, ನನ್ನ ಮಾತ್ರ ವಾಪಸ್ ಕಳಿಸ್ಬುಟ್ರು. ನನ್ನ ಹಣೆಬರ” ಅಂದಳು.

ಇದರಲ್ಲಿ ಹಣೆಬರಹದ ಮಾತಿಲ್ಲ. ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಚೀಲದಲ್ಲಿ ಕೀವು ಇರುವಾಗ ಪೊರೆಯ ಆಪರೇಷನ್ ಮಾಡಿದರೆ, ಆ ಕೀವಿನ ರೋಗಾಣು ಕಣ್ಣಿನ ಒಳಗೇ ಸೇರಬಹುದು. ಹಾಗಾದರೆ ಇರುವ ನೋಟವೂ ಹೋಗುತ್ತದೆ. ಮೊದಲು ನಾಳ ಸರಿಯಾಗಬೇಕು, ಆಮೇಲೆ ಪೊರೆ. ಅವಳು ಕೇಳಬೇಕಾಗಿದ್ದ ಮಾತು ಒಂದಿತ್ತು: “ಸಾರ್, ಈ ನಾಳ ಎಲ್ಲಿ ಸರಿ ಮಾಡ್ತಾರೆ? ಚೀಟಿ ಬರ್ದುಕೊಡಿ.” ಆ ಚೀಟಿಯ ಬೆಲೆ ಎಷ್ಟೆಂದು ಮುಂದೆ ನೋಡೋಣ.

ನಾಳ ಸರಿ ಮಾಡುವ ಆಪರೇಷನ್ನಿಗೆ ಡಾಕ್ಟರುಗಳು ಡಿ.ಸಿ.ಆರ್. ಎನ್ನುತ್ತಾರೆ. ಈ ಮೂರು ಅಕ್ಷರ ನೆನಪಿಡಿ, ಚೀಟಿಯಲ್ಲಿ ಹೀಗೇ ಬರೆದಿರುತ್ತಾರೆ. ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವೆ ತೆಳ್ಳಗಿನ ಮೂಳೆ ಇದೆ. ಆ ಮೂಳೆಯಲ್ಲಿ ಕಿಂಡಿ ಮಾಡಿ ನೀರಿಗೆ ಹೊಸ ದಾರಿ ಬಿಡುತ್ತಾರೆ. ಕೆಲವರಿಗೆ ಮೂಗಿನ ಪಕ್ಕದ ಚರ್ಮ ಕೊಯ್ದು ಮಾಡುತ್ತಾರೆ, ಕೆಲವರಿಗೆ ಮೂಗಿನ ಒಳಗಿನಿಂದಲೇ ಮಾಡುತ್ತಾರೆ. ಹೊಸ ದಾರಿ ಮುಚ್ಚಿಕೊಳ್ಳದಿರಲಿ ಎಂದು ದಾರದಷ್ಟು ಸಣ್ಣ ಮೆದು ಕೊಳವೆ ಇಡುವುದೂ ಉಂಟು. ತೀರಾ ವಯಸ್ಸಾದವರಿಗೆ ಕೆಲವೊಮ್ಮೆ ಚೀಲವನ್ನೇ ತೆಗೆದುಬಿಡುತ್ತಾರೆ. ಅದಕ್ಕೆ ಡಿ.ಸಿ.ಟಿ. ಎನ್ನುತ್ತಾರೆ. ಆಗ ಕೀವು ನಿಲ್ಲುತ್ತದೆ, ಆದರೆ ನೀರು ಸೋರುವುದು ನಿಲ್ಲುವುದಿಲ್ಲ. ನಿಮಗೆ ಮಾಡುವುದು ಎರಡರಲ್ಲಿ ಯಾವುದು ಎಂದು ಮೊದಲೇ ಕೇಳಿ.

ಎಳೆ ಮಕ್ಕಳ ವಿಷಯ ಬೇರೆ. ಕೆಲವು ಕೂಸುಗಳಿಗೆ ಹುಟ್ಟಿದಾಗಿನಿಂದಲೇ ಕಣ್ಣು ಸೋರುತ್ತದೆ, ಗೀಜು ಕಟ್ಟುತ್ತದೆ. ನಾಳದ ತುದಿಯಲ್ಲಿ ತೆಳು ಪೊರೆ ಹರಿಯದೆ ಉಳಿದಿರುತ್ತದೆ. ಡಾಕ್ಟರು ಅಥವಾ ನರ್ಸಮ್ಮ ತೋರಿಸಿಕೊಟ್ಟ ಹಾಗೆ ಮೂಲೆಯನ್ನು ಬೆರಳಿನಿಂದ ಕೆಳಮುಖವಾಗಿ ನೀವಿದರೆ, ಹೆಚ್ಚಿನ ಕೂಸುಗಳಿಗೆ ಒಂದು ವರ್ಷ ತುಂಬುವುದರೊಳಗೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದಿದ್ದರೆ ಸಣ್ಣ ಕಡ್ಡಿ ಹಾಯಿಸಿ ದಾರಿ ಬಿಡಿಸುತ್ತಾರೆ. ಕಣ್ಣಿಗೆ ಎದೆಹಾಲು ಹಿಂಡಬೇಡಿ, ಕಾಡಿಗೆ ತೀಡಬೇಡಿ.

ಇನ್ನು ರೆಪ್ಪೆಯ ಮಾತು.

ರೆಪ್ಪೆ ಕಣ್ಣಿನ ಬಾಗಿಲು. ಬಾಗಿಲು ಒಳಕ್ಕೆ ಮಡಚಿಕೊಂಡರೆ ರೆಪ್ಪೆಯ ಕೂದಲು ಕಣ್ಣುಗುಡ್ಡೆಗೆ ಉಜ್ಜುತ್ತದೆ. ಒಂದೊಂದು ಸಲ ಮಿಟುಕಿಸಿದಾಗಲೂ ಪೊರಕೆಯಿಂದ ಗುಡಿಸಿದ ಹಾಗೆ. ದಿನಕ್ಕೆ ಸಾವಿರಾರು ಸಲ ನಾವು ರೆಪ್ಪೆ ಮಿಟುಕಿಸುತ್ತೇವೆ. ಹೀಗೆ ಉಜ್ಜಿ ಉಜ್ಜಿ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇದನ್ನೇ ನಾವು “ಕಣ್ಣಿಗೆ ಹೂ ಬಿತ್ತು” ಅನ್ನುವುದು. ಆ ಬಿಳಿ ಕಲೆ ಔಷಧಿಗೆ ಹೋಗುವುದಿಲ್ಲ. ಅದಕ್ಕೇ ಹೂ ಬೀಳುವ ಮೊದಲೇ ರೆಪ್ಪೆ ಸರಿಯಾಗಬೇಕು.

ಹಿಂದೆ ಇದಕ್ಕೆ ದೊಡ್ಡ ಕಾರಣ ಟ್ರಕೋಮಾ ಎಂಬ ಅಂಟುರೋಗ. ನೊಣದಿಂದ, ಒಬ್ಬರ ಮುಖ ಒರೆಸಿದ ಬಟ್ಟೆಯಿಂದ ಇನ್ನೊಬ್ಬರಿಗೆ ಹರಡುತ್ತಿತ್ತು. ಮಕ್ಕಳ ಮುಖ ಒರೆಸುವ ತಾಯಂದಿರಿಗೆ ಬೇಗ ತಗುಲುತ್ತಿತ್ತು. ಭಾರತದಲ್ಲಿ ಟ್ರಕೋಮಾ ಇನ್ನು ಜನಾರೋಗ್ಯದ ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಸಾರಿತು. ಇದು ಸಂತೋಷದ ಸುದ್ದಿ. ಆದರೆ ಚಿಕ್ಕಂದಿನಲ್ಲಿ ರೋಗ ಬಂದು ಹೋದ ಅಜ್ಜಿಯರಿಗೆ ರೆಪ್ಪೆ ಈಗ ಮಡಚಬಹುದು. ಟ್ರಕೋಮಾ ಇಲ್ಲದಿದ್ದರೂ ವಯಸ್ಸಾದಂತೆ ರೆಪ್ಪೆ ಸಡಿಲವಾಗಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ.

ಅಜ್ಜಿಯರು ಮಾಡುವ ಒಂದು ಕೆಲಸ ನಮಗೆಲ್ಲ ಗೊತ್ತು. ಮೊಮ್ಮಗಳನ್ನು ಕೂರಿಸಿಕೊಂಡು, “ಬಾ ಮಗ, ನಿನ್ ಕಣ್ಣು ಚುರುಕು” ಅಂತ ಚಿಮಟ ಕೊಟ್ಟು, ಚುಚ್ಚುವ ಕೂದಲು ಕೀಳಿಸಿಕೊಳ್ಳುತ್ತಾರೆ. ಆ ದಿನಕ್ಕೆ ಹಾಯೆನಿಸುತ್ತದೆ. ತಿಂಗಳು, ಒಂದೂವರೆ ತಿಂಗಳಿಗೆ ಕೂದಲು ಮತ್ತೆ ಬೆಳೆಯುತ್ತದೆ. ಅರ್ಧಕ್ಕೆ ತುಂಡಾದ ಕೂದಲಂತೂ ಮುಳ್ಳಿನ ಹಾಗೆ ಇನ್ನೂ ಜೋರಾಗಿ ಚುಚ್ಚುತ್ತದೆ. ರೆಪ್ಪೆಯನ್ನೇ ತಿರುಗಿಸಿ ಹೊಲಿಯುವ ಆಪರೇಷನ್ ಇದೆ. ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು ಮಾಡುತ್ತಾರೆ.

ಮೇಲಿನ ರೆಪ್ಪೆ ಜೋತು ಬೀಳುವುದು ಇನ್ನೊಂದು ತೊಂದರೆ. ಮಗುವಿಗೆ ಹುಟ್ಟಿನಿಂದ ಹೀಗಿದ್ದರೆ “ದೊಡ್ಡವಳಾದ ಮೇಲೆ ನೋಡ್ಕಳನ” ಎಂದು ಬಿಡುವ ಹಾಗಿಲ್ಲ. ರೆಪ್ಪೆ ಪಾಪೆಯನ್ನು ಮುಚ್ಚಿದರೆ ಆ ಕಣ್ಣು ನೋಡಲು ಕಲಿಯುವುದೇ ಇಲ್ಲ. ದೊಡ್ಡವಳಾದ ಮೇಲೆ ರೆಪ್ಪೆ ಎತ್ತಿದರೂ ನೋಟ ಬರುವುದು ಕಷ್ಟ. ಹೆಣ್ಣುಮಗುವಾದರೆ ಮದುವೆಯ ಹೊತ್ತಿಗೆ ಚಂದ ಕಾಣಲಿ ಎಂದು ಯೋಚಿಸುತ್ತಾರೆ. ಚಂದಕ್ಕಿಂತ ಮೊದಲು ನೋಟ ಬೇಕಲ್ಲವೇ? ಮುಖದ ಒಂದು ಕಡೆ ಲಕ್ವ ಹೊಡೆದವರಿಗೆ, ಕುಷ್ಠ ಬಂದು ವಾಸಿಯಾದವರಿಗೆ ರೆಪ್ಪೆ ಮುಚ್ಚದೇ ಹೋಗಬಹುದು. ಅದನ್ನೂ ತೋರಿಸಬೇಕು. ರೆಪ್ಪೆಯ ಮೇಲೆ ವಾಸಿಯಾಗದ ಗಂಟೋ ಹುಣ್ಣೋ ಬೆಳೆಯುತ್ತಿದ್ದರೆ ತಡಮಾಡಲೇಬಾರದು.

ದುಡ್ಡಿಗೇನು ಮಾಡುವುದು?

ಈಗ ಸಂಘದ ಸಭೆಯಲ್ಲಿ ಕೇಳಿಬರುವ ಮಾತಿಗೆ ಬರೋಣ.

“ಆಪರೇಷನ್ ಅಂದ್ರೆ ಎಷ್ಟಾಯ್ತದ?”

“ಯಾರ್ಗೊತ್ತು? ಇಪ್ಪತ್ತು ಸಾವ್ರ ಅಂತಾರೆ, ಮೂವತ್ತು ಅಂತಾರೆ.”

“ಸಂಘ್ದಲ್ಲಿ ಸಾಲ ಎತ್ತನ ಬುಡು.”

ಸಾಲ ಎತ್ತುವ ಮೊದಲು ಸ್ವಲ್ಪ ತಡೆಯಿರಿ. ಇಂಥ ಆಪರೇಷನ್ನಿಗೆ ಸರ್ಕಾರವೇ ದುಡ್ಡು ಕಟ್ಟುವ ಯೋಜನೆ ಇದೆ. ಪೊರೆಯ ಆಪರೇಷನ್ ಬಿಟ್ಟಿಯಾಗಿ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾಕೆಂದರೆ ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೂ ಇದೆ, ಅದರ ಹೆಚ್ಚಿನ ಗಮನ ಪೊರೆಯ ಮೇಲೇ. ಮುಖ್ಯಮಂತ್ರಿಗಳು 2024ರಲ್ಲಿ ಹಾವೇರಿಯಲ್ಲಿ ಉದ್ಘಾಟಿಸಿದ ಆಶಾಕಿರಣ ಯೋಜನೆಯ ಮೊದಲ ಹಂತಕ್ಕೆ ಸೇರಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಚಾಮರಾಜನಗರವೂ ಒಂದು. ಮನೆ ಮನೆಗೆ ಬಂದು ಕಣ್ಣು ನೋಡಿದರು. ಅದರಲ್ಲಿಯೂ ಕೊಡುವುದು ಕನ್ನಡಕ, ಮಾಡುವುದು ಪೊರೆಯ ಆಪರೇಷನ್. ನಾಳಕ್ಕೂ ರೆಪ್ಪೆಗೂ ದುಡ್ಡು ಸಿಗುತ್ತದೆ ಎಂದು ಮಾತ್ರ ಊರಲ್ಲಿ ಯಾರೂ ಡಂಗುರ ಹೊಡೆಯಲಿಲ್ಲ. ಆ ಕೆಲಸ ಈ ಪಾಠ ಮಾಡಲಿ.

2010ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆ ಬಂತು. ಅದು ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಈಗ ಎರಡೂ ಒಂದೇ ಕಾರ್ಡು. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇದರಲ್ಲಿ ದೊಡ್ಡ ಕಾಯಿಲೆಗಳ ಜೊತೆ ಸಣ್ಣ ಆಪರೇಷನ್ನುಗಳೂ ಸೇರಿವೆ. ಆಯುಷ್ಮಾನ್ ಭಾರತದ ಪಟ್ಟಿಯ ಕಣ್ಣಿನ ಭಾಗದಲ್ಲಿ ನಾಳದ ಆಪರೇಷನ್, ಒಳಕ್ಕೆ ಮಡಚಿದ ರೆಪ್ಪೆ, ಹೊರಕ್ಕೆ ತಿರುಗಿದ ರೆಪ್ಪೆ, ಜೋತುಬಿದ್ದ ರೆಪ್ಪೆ, ಹರಿದ ರೆಪ್ಪೆ ಇವೆಲ್ಲ ಇವೆ.

ಯಾರಿಗೆ ಎಷ್ಟು? ಇದು ನಿಮ್ಮ ಪಡಿತರ ಚೀಟಿಯ ಮೇಲೆ ನಿಂತಿದೆ. ಅಂತ್ಯೋದಯ ಅಥವಾ ಬಿ.ಪಿ.ಎಲ್. ಚೀಟಿ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸರ್ಕಾರವೇ ಕಟ್ಟುತ್ತದೆ. ನೀವು ಕೊಡಬೇಕಾದ್ದು ಏನೂ ಇಲ್ಲ. ಎ.ಪಿ.ಎಲ್. ಚೀಟಿ ಇದ್ದರೆ ಸರ್ಕಾರ ನೂರಕ್ಕೆ 30 ಕಟ್ಟುತ್ತದೆ, ಉಳಿದ 70 ನಿಮ್ಮದು. ಅವರಿಗೆ ವರ್ಷದ ಮಿತಿ 1.5 ಲಕ್ಷ.

ಪ್ರತಿ ಆಪರೇಷನ್ನಿಗೂ ಸರ್ಕಾರ ಮೊದಲೇ ಒಂದು ದರ ಗೊತ್ತು ಮಾಡಿದೆ. ಅದಕ್ಕೆ ಪ್ಯಾಕೇಜ್ ದರ ಎನ್ನುತ್ತಾರೆ. ಬಟ್ಟೆ ಹೊಲಿಯುವವರಿಗೆ “ದಾರ, ಗುಂಡಿ, ಕೂಲಿ ಎಲ್ಲಾ ಸೇರಿ ಇಷ್ಟು” ಎಂದು ಮಾತಾಡಿದ ಹಾಗೆ. ಡಾಕ್ಟರ ಫೀಸು, ಆಪರೇಷನ್ ಕೋಣೆ, ಹಾಸಿಗೆ, ಔಷಧಿ, ಅಲ್ಲಿದ್ದಷ್ಟು ದಿನದ ರೋಗಿಯ ಊಟ, ಮನೆಗೆ ಕಳಿಸಿದ ಮೇಲೆ 15 ದಿನದ ಔಷಧಿ ಎಲ್ಲವೂ ಆ ದರದೊಳಗೇ.

ಒಂದು ಲೆಕ್ಕ ಮಾಡಿ ನೋಡೋಣ. ಆಪರೇಷನ್ನಿನ ದರ 10,000 ರೂಪಾಯಿ ಎಂದು ಇಟ್ಟುಕೊಳ್ಳಿ. ಇದು ಲೆಕ್ಕ ಕಲಿಯಲು ಹಿಡಿದ ಮೊತ್ತ, ನಿಜವಾದ ದರ ಒಂದೊಂದು ಆಪರೇಷನ್ನಿಗೆ ಒಂದೊಂದು.

ಬಿ.ಪಿ.ಎಲ್. ಮನೆ: ಸರ್ಕಾರ 10,000. ನೀವು 0.
ಎ.ಪಿ.ಎಲ್. ಮನೆ: ಸರ್ಕಾರ 3,000. ನೀವು 7,000.

ಈ ಲೆಕ್ಕ ಒಂದು ಸಲ ಕೈಯಾರೆ ಬರೆದು ನೋಡಿ. ಆಸ್ಪತ್ರೆಯಲ್ಲಿ ಯಾರಾದರೂ 7,000ಕ್ಕೆ ಬದಲು 17,000 ಅಂದರೆ “ಪ್ಯಾಕೇಜ್ ದರ ಎಷ್ಟು, ತೋರ್ಸಿ” ಎಂದು ಕೇಳುವುದಕ್ಕೆ ಧೈರ್ಯ ಬರುತ್ತದೆ.

ಚೀಟಿಯಿಂದ ಚೀಟಿಗೆ

ನಾವು ನೋಡಿದ ಮಟ್ಟಿಗೆ, ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಕಣ್ಣು ನೋಯುತ್ತದೆ ಎಂದು ನೇರವಾಗಿ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಹಣ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಆಮೇಲೆ ಬಿಲ್ಲು ಹಿಡಿದುಕೊಂಡು “ಸರ್ಕಾರದಿಂದ ಕೊಡ್ಸಿ” ಎನ್ನುತ್ತಾರೆ. ಈ ಯೋಜನೆ ನಿಮ್ಮ ಕೈಗೆ ದುಡ್ಡು ಕೊಡುವುದಿಲ್ಲ. ಕೊಡುವುದು ಆಸ್ಪತ್ರೆಗೆ. ಅದೂ ಮೊದಲೇ ಒಪ್ಪಿಗೆ ಪಡೆದಿದ್ದರೆ.

ಅದಕ್ಕೇ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆಶಾ ಅಕ್ಕನನ್ನು ಕೇಳಿದರೆ ದಾರಿ ಹೇಳುತ್ತಾಳೆ. ಬಂಡಳ್ಳಿ, ಹನೂರಿನ ಕಡೆಯವರಿಗೆ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ ಇದೆ. ಕಣ್ಣಿನ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ. ಇಲ್ಲದಿದ್ದರೆ ಒಂದು ದಿನದ ಕೂಲಿ ದಂಡ. ಆ ಆಪರೇಷನ್ ಅಲ್ಲೇ ಆಗುವುದಾದರೆ ಅಲ್ಲೇ ಮಾಡುತ್ತಾರೆ. ಆಗದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಇದಕ್ಕೆ ರೆಫರಲ್ ಚೀಟಿ ಎನ್ನುತ್ತಾರೆ. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಕಣ್ಣಿಗೆಂದೇ ಇರುವ ಮಿಂಟೋ ಆಸ್ಪತ್ರೆ 1896ರಿಂದ ನಡೆದುಬಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಆಪರೇಷನ್ನಿಗೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ಬರೆದುಕೊಡಬಹುದು. ಯೋಜನೆಗೆ ಸೇರದ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುವುದಿಲ್ಲ. ಜೀವಕ್ಕೆ ಅಪಾಯವಾಗುವಂಥ ತುರ್ತಿನಲ್ಲಿ ಮಾತ್ರ ರೆಫರಲ್ ಚೀಟಿ ಬೇಕಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ “ಆರೋಗ್ಯ ಮಿತ್ರ” ಎಂಬ ಬೋರ್ಡು ಹುಡುಕಿ. ಈಗ ನೀವೇ ಓದಬಲ್ಲಿರಿ. ಅಲ್ಲಿ ಆಧಾರ್, ಪಡಿತರ ಚೀಟಿ, ರೆಫರಲ್ ಚೀಟಿ ಕೊಟ್ಟರೆ ಅವರು ಕಂಪ್ಯೂಟರಿನಲ್ಲಿ ಹಾಕಿ ಒಪ್ಪಿಗೆ ತರಿಸುತ್ತಾರೆ. ಒಪ್ಪಿಗೆ ಬಂತಾ ಎಂದು ಕೇಳಿಕೊಂಡ ಮೇಲೇ ದಾಖಲಾಗಿ.

ಇಲ್ಲೊಂದು ತೊಡಕಿದೆ. ಅದು ಹೆಂಗಸರಿಗೇ ಕಾದಿರುವ ತೊಡಕು. ಮದುವೆಯಾಗಿ ಬಂದ ಮಗಳ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿರುತ್ತಾರೆ. ಅತ್ತೆ ಮನೆಯ ಚೀಟಿಗೆ ಸೇರಿಸಿರುವುದಿಲ್ಲ. “ಅಕ್ಕಿ ಬತ್ತದಲ್ಲ, ಇನ್ನೇನು” ಎಂದು ಸುಮ್ಮನಿರುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಅವಳು ಯಾವ ಕುಟುಂಬಕ್ಕೂ ಸೇರದವಳಾಗಿ ನಿಲ್ಲುತ್ತಾಳೆ. ಇನ್ನು ಕೆಲವರ ಹೆಸರು ಆಧಾರದಲ್ಲಿ ಒಂದು ಥರ, ಪಡಿತರ ಚೀಟಿಯಲ್ಲಿ ಇನ್ನೊಂದು ಥರ. ಕಾಯಿಲೆ ಬಂದ ಮೇಲೆ ಇದನ್ನೆಲ್ಲ ಸರಿಪಡಿಸಲು ಅಲೆಯುವುದು ನರಕ. ಈಗಲೇ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಎರಡು ಸಲ ಓದಿ. ಆಸ್ಪತ್ರೆಯಲ್ಲಿ ದಾಖಲಾಗದೆ, ಬರೀ ತೋರಿಸಿಕೊಂಡು ಬರುವುದಕ್ಕೆ ಈ ಯೋಜನೆ ದುಡ್ಡು ಕೊಡುವುದಿಲ್ಲ. “ಹೊರರೋಗಿ ವಿಭಾಗ” ಎಂಬ ಬೋರ್ಡಿನ ಕೆಳಗೆ ಆಗುವ ಖರ್ಚು ಇದರಲ್ಲಿ ಸೇರಿಲ್ಲ. ನಾಳಕ್ಕೆ ನೀರು ಬಿಟ್ಟು ನೋಡುವ ಪರೀಕ್ಷೆ, ಕಣ್ಣಿನ ಹನಿಔಷಧಿ ಇಂಥವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿಕೊಂಡರೆ ನಿಮ್ಮ ಕಾಸು ಉಳಿಯುತ್ತದೆ. ಖಾಸಗಿಯಲ್ಲಾದರೆ ಕೈಯಿಂದ ಕೊಡಬೇಕು. ಬೆಳಗ್ಗೆ ದಾಖಲಾಗಿ ಆಪರೇಷನ್ ಮುಗಿಸಿ ಸಂಜೆಗೇ ಮನೆಗೆ ಕಳಿಸಿದರೆ? ಅಂಥ ಆಪರೇಷನ್ ಪಟ್ಟಿಯಲ್ಲಿದ್ದರೆ ಅದಕ್ಕೆ ಯೋಜನೆ ನಡೆಯುತ್ತದೆ. ಬರೀ ಚಂದಕ್ಕಾಗಿ ರೆಪ್ಪೆ ತಿದ್ದಿಸುವುದಕ್ಕೆ ನಡೆಯುವುದಿಲ್ಲ. ಜೋತುಬಿದ್ದ ರೆಪ್ಪೆ ನೋಟಕ್ಕೆ ಅಡ್ಡ ಬಂದಿದೆ ಎಂದು ಡಾಕ್ಟರು ಬರೆದರೆ ಅದು ಚಂದದ ಆಪರೇಷನ್ ಆಗುವುದಿಲ್ಲ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಎಂಬ ಯೋಜನೆಯೂ ಇದೆ. 2003ರಿಂದ ನಡೆದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ಅದಕ್ಕೆ ವರ್ಷವರ್ಷ ವಂತಿಗೆ ಕಟ್ಟಿ ಹೆಸರು ಬರೆಸಬೇಕು. ಎ.ಪಿ.ಎಲ್. ಮನೆಯವರು ಹಾಲಿನ ಡೈರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ, 70 ಪಾಲು ಕೈಯಿಂದ ಕೊಡುವ ಮೊದಲು ಅದನ್ನು ವಿಚಾರಿಸುವುದು ಒಳ್ಳೆಯದು.

ಸರ್ಕಾರ ಕಟ್ಟದ ಖರ್ಚು

ಬಿಟ್ಟಿ ಆಪರೇಷನ್ ಅಂದರೂ ಖರ್ಚು ಇದ್ದೇ ಇರುತ್ತದೆ. ಬಸ್ಸಿನ ಖರ್ಚು ಒಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಹಾಗಾಗಿ ಜೊತೆಗೆ ಗಂಡನ ಬದಲು ಓರಗಿತ್ತಿಯನ್ನೋ ಅಕ್ಕನನ್ನೋ ಕರೆದುಕೊಂಡು ಹೋದರೆ ಅದೂ ಉಳಿಯಿತು. ಜೊತೆಗಿರುವವರ ಊಟ, ಇಬ್ಬರ ಕೂಲಿ, ಮನೆಯಲ್ಲಿ ದನ ಕರು ನೋಡಿಕೊಳ್ಳುವವರು, ಇವೆಲ್ಲ ಯಾವ ಕಾರ್ಡಿನಲ್ಲೂ ಸೇರಿಲ್ಲ. ಡಿ.ಸಿ.ಆರ್. ಆದ ಮೇಲೆ ಕೆಲವು ದಿನ ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು, ಮೂಗನ್ನು ಜೋರಾಗಿ ಸೀಟಬಾರದು. ಕಳೆ ಕೀಳುವ ಕಾಲದಲ್ಲಿ ಇದು ಹೇಗೆ ಸಾಧ್ಯ? ಕೀವಿನ ಬಾವು ಇಲ್ಲದಿದ್ದರೆ, ಡಾಕ್ಟರನ್ನು ಕೇಳಿ ಸುಗ್ಗಿ ಮುಗಿದ ಮೇಲಿನ ದಿನ ಗೊತ್ತು ಮಾಡಿಕೊಳ್ಳಬಹುದು. ಸಂಘದಲ್ಲಿ ಸಾಲ ಎತ್ತುವುದಾದರೆ ಈ ಸಣ್ಣ ಖರ್ಚಿಗೆ ಮಾತ್ರ ಎತ್ತಿ.

ಬಿ.ಪಿ.ಎಲ್. ಮನೆಯವರಿಂದ ಆಪರೇಷನ್ನಿಗೆಂದು ಆಸ್ಪತ್ರೆ ಬೇರೆ ಕಾಸು ಕೇಳುವ ಹಾಗಿಲ್ಲ. “ಕೊಳವೆ ಒಳ್ಳೇದು ಹಾಕ್ತೀವಿ, ಅದಕ್ಕೆ ಇಷ್ಟು ಕೊಡಿ” ಎಂದರೆ ಸುಮ್ಮನೆ ಕೊಟ್ಟುಬಿಡಬೇಡಿ. “ಪ್ಯಾಕೇಜಿನಲ್ಲಿ ಸೇರಿಲ್ವಾ?” ಎಂದು ಕೇಳಿ. ಆರೋಗ್ಯ ಮಿತ್ರರಿಗೆ ಹೇಳಿ. ಅಲ್ಲೂ ಆಗದಿದ್ದರೆ 14555ಕ್ಕೆ ಫೋನು ಮಾಡಿ. ಅದಕ್ಕೆ ಕಾಸು ಬೀಳುವುದಿಲ್ಲ. ಕಾಸು ಕೊಟ್ಟೇ ಬಿಟ್ಟಿದ್ದರೆ ರಸೀದಿ ಕೇಳಿ ಇಸಿದುಕೊಳ್ಳಿ. ರಸೀದಿ ಇಲ್ಲದ ದೂರು ಗಾಳಿಗೆ ಹೋಗುತ್ತದೆ.

ಕಾಗದಕ್ಕೆ ಸಹಿ ಹಾಕುವಾಗ ಅವಸರ ಮಾಡುತ್ತಾರೆ. “ಇಲ್ಲೊಂದು, ಇಲ್ಲೊಂದು ಹಾಕಮ್ಮ” ಎನ್ನುತ್ತಾರೆ. ನೀವು ಈಗ ಹೆಬ್ಬೆಟ್ಟಿನವರಲ್ಲ. “ಓದ್ತೀನಿ ಇರಿ” ಅನ್ನಿ. ಕಾಗದ ಇಂಗ್ಲಿಷಿನಲ್ಲಿದ್ದರೆ “ಓದಿ ಹೇಳಿ” ಅನ್ನಿ. ಯಾವ ಕಣ್ಣು, ಎಡವೋ ಬಲವೋ? ಯಾವ ಆಪರೇಷನ್? ಮನೆಗೆ ಕಳಿಸುವಾಗ ಕೊಡುವ ಕಾಗದದಲ್ಲೂ ಇದನ್ನೇ ನೋಡಿ. ಜೊತೆಗೆ ಮತ್ತೆ ಬರಬೇಕಾದ ತಾರೀಖು ನೋಡಿ. ಕೊಳವೆ ಇಟ್ಟಿದ್ದರೆ ಅದನ್ನು ಕೆಲವು ವಾರವೋ ತಿಂಗಳೋ ಆದ ಮೇಲೆ ತೆಗೆಯಬೇಕು. ನೋವಿಲ್ಲ ಎಂದು ಅದನ್ನು ಮರೆತು ಕುಳಿತವರಿದ್ದಾರೆ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೊರೆ ಇದ್ದವರು ಅದೇ ದಿನ “ಇನ್ನು ಪೊರೆ ಯಾವಾಗ ತೆಗೀತೀರಿ?” ಎಂದೂ ಕೇಳಿಕೊಂಡು ಬನ್ನಿ.

ಮಾಡಿ ನೋಡಿ

1. ನಿಮ್ಮ ಮನೆಯ ಪಡಿತರ ಚೀಟಿ ತೆಗೆಯಿರಿ. ಅದರಲ್ಲಿ ಎಷ್ಟು ಜನರ ಹೆಸರಿದೆ? ಮನೆಯಲ್ಲಿ ಎಷ್ಟು ಜನ ಇದ್ದೀರಿ? ಯಾರ ಹೆಸರು ಬಿಟ್ಟುಹೋಗಿದೆ? ಬರೆಯಿರಿ.

2. ಆಧಾರ್ ಕಾರ್ಡನ್ನೂ ಪಡಿತರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ.

3. ಆಪರೇಷನ್ನಿನ ದರ 8,000 ರೂಪಾಯಿ ಎಂದು ಹಿಡಿಯಿರಿ. ಎ.ಪಿ.ಎಲ್. ಮನೆಯವರು ಎಷ್ಟು ಕೊಡಬೇಕು?

4. ನಿಮ್ಮ ಬೀದಿಯಲ್ಲಿ ಕಣ್ಣು ಸೋರುವವರು, ರೆಪ್ಪೆ ಕೂದಲು ಕೀಳಿಸಿಕೊಳ್ಳುವವರು ಯಾರಿದ್ದಾರೆ? ಈ ಪಾಠವನ್ನು ಅವರಿಗೆ ಓದಿ ಹೇಳಿ.